ಎಕ್ಸ್‌ರೇ ಚೀಟಿಯೇ ಕೊನೆಯ ಮಾತಲ್ಲ



ಮಾರುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ, ಕಲ್ಲುಗಣಿಯಲ್ಲಿ ದುಡಿದ ತುರ್ಭೆಯ ನಾವು ಕೆಮ್ಮನ್ನು ಧೂಳಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ವಾರ್ಷಿಕ ತಪಾಸಣೆಯ ಎಕ್ಸ್‌ರೇ ‘ಸರಿಯಿದೆ’ ಎಂದರೆ ನಿಶ್ಚಿಂತರಾಗುತ್ತೇವೆ. ಆದರೆ ಪಕ್ಕೆಲುಬಿನ, ಹೃದಯದ ಮರೆಯಲ್ಲಿರುವ ಸಣ್ಣ ಕ್ಯಾನ್ಸರ್ ಗಂಟು ಅದರಲ್ಲಿ ಕಾಣದೆ ಹೋಗಬಹುದು. ಕಂಡರೂ ಕ್ಷಯವೆಂದು ತಪ್ಪು ತಿಳಿಯುವುದುಂಟು.

2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬಹಳ ಸೇದಿದವರಿಗೆ ಎಕ್ಸ್‌ರೇಗೆ ಬದಲು ಕಡಿಮೆ ವಿಕಿರಣದ ಸಿ.ಟಿ. ಮಾಡಿದಾಗ ಶ್ವಾಸಕೋಶದ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ತಗ್ಗಿತು. ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ. ಕಲ್ಲಿನ ಧೂಳೂ ಒಂದು ಕಾರಣ.

ಆದುದರಿಂದ ಕೆಮ್ಮು ಮೂರು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಕ್ಷಯದ ಔಷಧಿಗೆ ಗುಣವಾಗದಿದ್ದರೆ, ಹಳೆಯ ಚೀಟಿಯನ್ನು ನಂಬಿ ಕೂರದೆ ‘ಸಿ.ಟಿ. ಬೇಕೇ?’ ಎಂದು ವೈದ್ಯರನ್ನು ಕೇಳೋಣ. ಟಾಟಾ ಸ್ಮಾರಕದ ಕೇಂದ್ರ ಖಾರ್ಘರದಲ್ಲೇ ಇದೆ. ಒಂದು ದಿನದ ಕೂಲಿ ಹೋದೀತು. ಮನೆಯ ಆಧಾರ ಉಳಿದೀತು.