ದಕ್ಷಿಣ ತಾಲ್ಲೂಕಿನ ಊರುಗಳು

ಜೆ. ಪಿ. ನಗರದ ಕಡೆಯ ಹಳೆಯ ಕ್ರಯಪತ್ರವೊಂದನ್ನು ಬಿಚ್ಚಿ ನೋಡಿದರೆ ಅದರಲ್ಲಿ ಜೆ. ಪಿ. ನಗರವೆಂಬ ಹೆಸರು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿ, ಸಾರಕ್ಕಿ ಗ್ರಾಮ ಎಂದು ಬರೆದು, ಕೆಳಗೆ ಸರ್ವೆ ನಂಬರನ್ನೂ ಚಕ್ಕುಬಂದಿಯನ್ನೂ ಕೊಟ್ಟಿರುತ್ತಾರೆ. ನಾವು ಬಡಾವಣೆಯಲ್ಲಿ ವಾಸಮಾಡುತ್ತೇವೆ. ನಮ್ಮ ಮನೆ ನಿಂತ ನೆಲವಾದರೋ ಇನ್ನೂ ಹಳ್ಳಿಯಲ್ಲಿಯೇ ಇದೆ. ಈ ಹಳ್ಳಿಯ ಹೆಸರನ್ನು ಕಾಗದದಲ್ಲಿ ಉಳಿಸಿಕೊಂಡು ಬಾಯಲ್ಲಿ ಮರೆತದ್ದರಿಂದ ನಾವು ಕಳೆದುಕೊಂಡದ್ದೇನು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ‘ದಕ್ಷಿಣ’ವೆಂಬ ಮಾತನ್ನೇ ನೋಡೋಣ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯು ನಗರ ಜಿಲ್ಲೆ, ಗ್ರಾಮಾಂತರ ಜಿಲ್ಲೆ ಎಂದು ಎರಡಾಯಿತು. ದಕ್ಷಿಣ ತಾಲ್ಲೂಕು ನಗರ ಜಿಲ್ಲೆಯ ಪಾಲಿಗೆ ಬಂದಿತು. 2007ರಲ್ಲಿ ಗ್ರಾಮಾಂತರ ಜಿಲ್ಲೆಯನ್ನು ಒಡೆದು ರಾಮನಗರ ಜಿಲ್ಲೆಯನ್ನು ಮಾಡಿದರು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರಾಯಿತು. ಹೀಗಾಗಿ ಬೆಂಗಳೂರು ದಕ್ಷಿಣ ತಾಲ್ಲೂಕು ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿ ಇಲ್ಲ! ಅದೇ ವರ್ಷ ಬೆಂಗಳೂರು ದಕ್ಷಿಣ ನಗರ ಪಾಲಿಕೆಯೂ ಹುಟ್ಟಿತು. ಇದೇ ಹೆಸರಿನ ಲೋಕಸಭಾ ಕ್ಷೇತ್ರವಂತೂ ಮೊದಲಿನಿಂದ ಇದ್ದೇ ಇದೆ. ಇವುಗಳ ಎಲ್ಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಸಾಲದುದಕ್ಕೆ, ದಕ್ಷಿಣ ತಾಲ್ಲೂಕಿನ ಒಳಗೊಂದು ಉತ್ತರಹಳ್ಳಿ. ದಿಕ್ಕೆಂಬುದು ನಾವು ನಿಂತ ಜಾಗವನ್ನು ಅನುಸರಿಸಿ ಬದಲಾಗತಕ್ಕ ವಸ್ತು. ಅದನ್ನು ಹಿಡಿದು ನೆಲವನ್ನು ಗುರುತಿಸಹೊರಟರೆ ತೊಡಕು ತಪ್ಪಿದ್ದಲ್ಲ.

ನಮ್ಮ ಹಿರಿಯರು ನೆಲವನ್ನು ಗುರುತಿಸಿದ್ದು ನೀರಿನಿಂದ. ಬಸವನಗುಡಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ಪಡುವಣಕ್ಕೆ ಇಳಿದದ್ದು ವೃಷಭಾವತಿಯಾಗಿ ಕೆಂಗೇರಿಯ ಮಗ್ಗುಲಲ್ಲಿ ಹರಿದು, ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಮೂಡಣಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ದೊಡ್ಡ ಹೊಳೆಯಿಲ್ಲದ ಈ ಸೀಮೆಯಲ್ಲಿ ತಗ್ಗಿಗೊಂದು ಏರಿ ಕಟ್ಟಿ ನೀರು ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವಂತೆ ಸಾಲುಹಿಡಿದು ಕಟ್ಟಿದರು. ಕೆರೆಯ ಕೆಳಗೆ ಗದ್ದೆ, ಪಕ್ಕದಲ್ಲಿ ಊರು.

ಶಾಸನಗಳೂ ಇದನ್ನೇ ಹೇಳುತ್ತವೆ. ಬೇಗೂರಿನ ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೆಂಬ ವೀರನು ಕಾಳಗದಲ್ಲಿ ಮಡಿದ ಬಳಿಕ ಗಂಗರ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದರಲ್ಲಿದೆ. ಬೆಂಪೂರೆಂದರೆ ಇಂದಿನ ಬೇಗೂರು. ಹನ್ನೆರಡು ಊರುಗಳೆಂದು ಹೇಳಿ ಬಿಟ್ಟಿಲ್ಲ. ಒಂದೊಂದರ ಹೆಸರನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನವು ಬೆಂಗಳೂರಿನ ಹಿರಿಯ ಕೆರೆಯ ಕೆಳಗಿನ ಭೂಮಿಯನ್ನು ದಾನವಿತ್ತುದನ್ನು ಹೇಳುತ್ತದೆ. ಅಲ್ಲಿಯ ಇನ್ನೊಂದು ಶಾಸನ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ್ದು. ಅದರಲ್ಲಿ ತಾಮರೈಕ್ಕಿರೈ ಎಂಬ ಊರು ಬರುತ್ತದೆ. ಅದೇ ನಮ್ಮ ತಾವರೆಕೆರೆ.

ಊರಿನ ಆಡಳಿತವೂ ನೀರನ್ನು ಬಿಟ್ಟು ಇರಲಿಲ್ಲ. ಲೆಕ್ಕಕ್ಕೆ ಶಾನುಭೋಗ, ಅಧಿಕಾರಕ್ಕೆ ಪಟೇಲ, ಕಾವಲಿಗೆ ತಳವಾರ ಇದ್ದಂತೆ ತೂಬೆತ್ತಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿಯಿದ್ದನು. ವಂಶಪಾರಂಪರ್ಯವಾದ ಈ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯೊಂದು ರದ್ದುಮಾಡಿತು. 1963ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂದಿತು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ನ್ಯಾಯವೇ. ಶಾನುಭೋಗನ ಜಾಗಕ್ಕೆ ಗ್ರಾಮ ಲೆಕ್ಕಿಗನು ಬಂದನು. ಆದರೆ ಬಡಾವಣೆಗಳು ಬೆಳೆದು ಗದ್ದೆಗಳು ಇಲ್ಲವಾದ ಕಡೆ, ಕೆರೆಯ ತೂಬನ್ನೂ ಕೋಡಿಯನ್ನೂ ದಿನವೂ ಕಂಡು ಬಲ್ಲವನ ಜಾಗ ತೆರವಾಗಿಯೇ ಉಳಿಯಿತು.

ಹೆಸರುಗಳಾದರೂ ಉಳಿದವೆ? ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಬಿ. ಟಿ. ಎಂ. ಎಂಬ ಮೂರು ಅಕ್ಷರಗಳಾದವು. ಬಲ್ಲಾಳನ ಕಾಲದ ಊರು ಇಂದು ಒಂದು ‘ಟಿ’. ಅಲ್ಲಿ ಹುಟ್ಟಿ ಬೆಳೆದ ಮಗುವಿಗೆ ತನ್ನ ಬಡಾವಣೆಯ ಹೆಸರಿನಲ್ಲಿಯೇ ಒಂದು ಕೆರೆಯಿದೆ ಎಂಬುದು ಹೇಗೆ ತಿಳಿಯಬೇಕು?

ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತವು ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಮಾಡಿಸಿತು. ಕಟ್ಟಿದ ಮನೆಗಳು ಉರುಳಿದವು. ನಿವೇಶನ ಕೊಂಡ ಸಂಸಾರಗಳು ಬೀದಿಯಲ್ಲಿ ನಿಂತವು. ಬಡಾವಣೆಯವರು ಮರೆತ ಕೆರೆಯನ್ನು ಕಂದಾಯದ ದಾಖಲೆ ಮರೆತಿರಲಿಲ್ಲ. ಮಳೆಯ ನೀರೂ ಮರೆಯುವುದಿಲ್ಲ. ದೊಡ್ಡ ಮಳೆ ಬಂದ ರಾತ್ರಿ ಅದು ತನ್ನ ಹಳೆಯ ದಾರಿಯನ್ನೇ ಹುಡುಕಿಕೊಂಡು ಬಂದು ನಮ್ಮ ಬಾಗಿಲನ್ನು ತಟ್ಟುತ್ತದೆ.

ಎಲ್ಲೆಗಳು ಬದಲಾಗಲಿ, ಆಡಳಿತದ ಅನುಕೂಲಕ್ಕೆ ಅದು ಬೇಕಾದೀತು. ಆದರೆ ಬೀದಿಯ ಫಲಕದಲ್ಲಿ ಬಡಾವಣೆಯ ಹೆಸರಿನ ಕೆಳಗೆ ಆ ನೆಲದ ಊರಿನ ಹೆಸರನ್ನೂ ಬರೆಯಲು ಅಡ್ಡಿಯೇನಿದೆ? ಅದಕ್ಕಿಂತ ಮೊದಲು ನಾವು ಮಾಡಬಹುದಾದುದೊಂದುಂಟು. ಪೆಟ್ಟಿಗೆಯಲ್ಲಿರುವ ಕ್ರಯಪತ್ರವನ್ನು ಹೊರತೆಗೆದು, ನಮ್ಮ ಮನೆ ಯಾವ ಊರಿನಲ್ಲಿದೆ, ಅದರ ಕೆರೆ ಯಾವುದು ಎಂದು ಮಕ್ಕಳಿಗೆ ಓದಿ ಹೇಳುವುದು. ಓದಿ ಮುಗಿಸಿ, ಅವರ ಕೈಹಿಡಿದು, ಆ ಕೆರೆ ಈಗ ಹೇಗಿದೆ ಎಂದು ನೋಡಿಬರುವುದು.