ಬರ, ನೆರೆ ಮತ್ತು ನಮ್ಮ ಹಾಜರಿ ಪುಸ್ತಕ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಠ್ಯ)



ಶಾಲೆಯ ನೂರು ವರ್ಷಗಳ ಸಾಧನೆಯನ್ನು ಬೆಳಗಿನ ಗೋಷ್ಠಿಯಲ್ಲಿ ಹಿರಿಯರು ಸವಿಸ್ತಾರವಾಗಿ ಸ್ಮರಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ‘ಹವಾಮಾನದ ವೈಪರೀತ್ಯಗಳು: ಕಾರಣ ಮತ್ತು ಪರಿಣಾಮ’. ಶಾಲೆಯ ಹಬ್ಬದಲ್ಲಿ ಮಳೆ ಬಿಸಿಲುಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆದವಾನಿ ಸೀಮೆಯಲ್ಲಿ ಶಾಲೆಯ ಚರಿತ್ರೆಯನ್ನೂ ಮಳೆಯ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಬರೆಯಲು ಬರುವುದಿಲ್ಲ. ನಮ್ಮ ಹಾಜರಿ ಪುಸ್ತಕಗಳನ್ನು ತೆರೆದು ನೋಡಿದರೆ ಯಾವ ವರ್ಷ ಮುಂಗಾರು ಕೈಕೊಟ್ಟಿತು ಎಂಬುದನ್ನು ಹವಾಮಾನ ಇಲಾಖೆಯ ಅಂಕಿಅಂಶಗಳಿಲ್ಲದೆಯೇ ಹೇಳಬಹುದು. ಅಂತಹ ವರ್ಷಗಳಲ್ಲಿ ದೀಪಾವಳಿ ಕಳೆಯುತ್ತಲೇ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟಿ ನಿಲ್ಲುತ್ತದೆ.

ಮೊದಲು ನಮ್ಮ ನೆಲದ ಸ್ಥಿತಿಯನ್ನು ತಿಳಿಯೋಣ. ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮಾರುತವು ಪಶ್ಚಿಮಘಟ್ಟವನ್ನು ಏರುವಾಗ ತನ್ನ ನೀರನ್ನು ಬಹುಪಾಲು ಅಲ್ಲಿಯೇ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಅಧಿಕ ಮಳೆಯಾದರೆ, ಘಟ್ಟದ ನೆರಳಿನಲ್ಲಿರುವ ನಮಗೆ ದೊರೆಯುವುದು ಅದರ ಹತ್ತನೆಯ ಒಂದು ಪಾಲೂ ಇಲ್ಲ. ಹಿಂಗಾರಿನ ಈಶಾನ್ಯ ಮಾರುತವು ಬಂಗಾಳ ಕೊಲ್ಲಿಯಿಂದ ಹೊರಟು ನಮ್ಮನ್ನು ತಲುಪುವಷ್ಟರಲ್ಲಿ ದುರ್ಬಲವಾಗಿರುತ್ತದೆ. ಹೀಗೆ ಎರಡು ಮಳೆಗಾಲಗಳ ಅಂಚಿನಲ್ಲಿ ನಾವು ಬದುಕುತ್ತಿದ್ದೇವೆ. ಮಲೆನಾಡಿನ ಮಳೆಯಲ್ಲಿ ಒಂದಿಷ್ಟನ್ನು ತುಂಗಭದ್ರೆಯು ನಮ್ಮವರೆಗೆ ಹೊತ್ತು ತರುತ್ತಾಳೆ. ಕಾಲುವೆಯ ನೀರು ಮುಟ್ಟಿದ ಊರಿಗೂ ಮುಟ್ಟದ ಊರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಕುಳಿತಿರುವ ರೈತರಿಗೆ ನಾವು ವಿವರಿಸಬೇಕಾಗಿಲ್ಲ.

ಮಳೆ ಕಡಿಮೆಯಿರುವ ನಾಡು ಅದಕ್ಕೆ ಹೊಂದಿಕೊಂಡು ಬದುಕುವುದನ್ನು ಕಲಿತಿರುತ್ತದೆ. ಜೋಳ, ಸಜ್ಜೆ, ನವಣೆಗಳು ಅಂತಹ ಕಲಿಕೆಯ ಫಲ. ಆದರೆ ಕೆಲವು ವರ್ಷಗಳಲ್ಲಿ ಆ ಅಲ್ಪ ಮಳೆಯೂ ಬರುವುದಿಲ್ಲ. ಇದಕ್ಕೆ ಒಂದು ಮುಖ್ಯ ಕಾರಣವು ನಮ್ಮಿಂದ ಬಹುದೂರದ ಶಾಂತಸಾಗರದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಬೆಚ್ಚಗಿನ ಮೇಲ್ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತಿರುತ್ತವೆ. ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೋಲುತ್ತದೆ. ಆಗ ಬಿಸಿನೀರು ದಕ್ಷಿಣ ಅಮೆರಿಕದ ಕಡೆಗೆ ಸರಿಯುತ್ತದೆ. ಮೋಡ ಕಟ್ಟುವ ತಾಣವೂ ಅದರೊಡನೆ ಸರಿಯುತ್ತದೆ. ನಮ್ಮ ಕಡೆಯಲ್ಲಿ ಗಾಳಿಯು ಮೇಲೇರುವ ಬದಲು ಕೆಳಗಿಳಿಯತೊಡಗಿ ಮೋಡಗಳು ಬಲಿಯುವುದಿಲ್ಲ. ಪೆರುವಿನ ಬೆಸ್ತರು ಇದನ್ನು ‘ಎಲ್ ನಿನೊ’ ಎಂದು ಕರೆದರು. ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು ಮುಂಗಾರನ್ನು ಮುಂಚಿತವಾಗಿ ತಿಳಿಯುವ ದಾರಿಯನ್ನು ಹುಡುಕುತ್ತ ಹೋಗಿ, ಸಾಗರಗಳ ಮೇಲಿನ ವಾಯುಭಾರದ ಈ ಏರಿಳಿತವನ್ನು ಗುರುತಿಸಿ 1924ರಲ್ಲಿ ಅದಕ್ಕೆ ಹೆಸರಿಟ್ಟರು. ಎಲ್ ನಿನೊ ಬಂದ ವರ್ಷವೆಲ್ಲ ಬರ ಬೀಳುತ್ತದೆ ಎಂದು ಮಾತ್ರ ಯಾರೂ ಭಾವಿಸಬಾರದು. 1997ರಲ್ಲಿ ಅದು ಅತಿ ಪ್ರಬಲವಾಗಿದ್ದರೂ ದೇಶದ ಮುಂಗಾರು ಸರಿಯಾಗಿಯೇ ಆಯಿತು. ಅದು ಅಪಾಯವನ್ನು ಹೆಚ್ಚಿಸುವ ಕಾರಣವೇ ಹೊರತು ತಪ್ಪದೆ ನಡೆಯುವ ವಿಧಿಯಲ್ಲ.

1876ರಲ್ಲಿ ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಪ್ರಬಲವಾದ ಎಲ್ ನಿನೊ ಬೆಳೆಯಿತು. ಆಗ ನಮ್ಮ ತಾಲೂಕು ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅತ್ಯಂತ ತೀವ್ರವಾಗಿ ನೊಂದವು. ದೇಶದಲ್ಲಿ ಸತ್ತವರ ಸಂಖ್ಯೆ 50 ಲಕ್ಷಕ್ಕೂ ಅಧಿಕವೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಮಳೆ ಬರಲಿಲ್ಲ ಎಂಬುದು ಆಕಾಶದ ಸಂಗತಿ. ಆದರೆ ಅಷ್ಟು ಜನ ಸತ್ತದ್ದು ಕೇವಲ ಆಕಾಶದ ಸಂಗತಿಯಲ್ಲ. ಆ ವರ್ಷಗಳಲ್ಲಿಯೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಅವರು ವೆಚ್ಚವನ್ನು ತಗ್ಗಿಸಲೆಂದು ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಆಳಿನ ದಿನದ ಧಾನ್ಯವನ್ನು ಒಂದು ಪೌಂಡಿಗೆ, ಎಂದರೆ ಸುಮಾರು 450 ಗ್ರಾಮಿಗೆ, ಇಳಿಸಿದರು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಲವಾಗಿ ಪ್ರತಿಭಟಿಸಿದರು. ಈ ದುರಂತದ ಪಾಠವಾಗಿ 1880ರಲ್ಲಿ ಕ್ಷಾಮ ಆಯೋಗದ ವರದಿಯೂ ಅದರ ಹಿಂದೆಯೇ ಕ್ಷಾಮ ಸಂಹಿತೆಗಳೂ ಬಂದವು. ಬರಗಾಲದಲ್ಲಿ ಉದ್ಯೋಗ ಒದಗಿಸುವುದು ಆಳುವವರ ಹೊಣೆ ಎಂಬ ತತ್ತ್ವ ಅಲ್ಲಿಂದ ಬೆಳೆಯಿತು. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು 2006ರ ಫೆಬ್ರವರಿ 2ರಂದು ನಮ್ಮ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಘಾಟನೆಯಾದದ್ದು ಆಕಸ್ಮಿಕವಲ್ಲ.

ಇನ್ನು ನೆರೆಯ ಮಾತು. ಇಲ್ಲಿರುವ ಹಿರಿಯ ಮಕ್ಕಳ ತಂದೆತಾಯಿಗಳಿಗೆಲ್ಲ 2009 ನೆನಪಿದೆ. ಅದೂ ಎಲ್ ನಿನೊ ವರ್ಷವೇ. ದೇಶದ ಮುಂಗಾರು ಮಳೆ ವಾಡಿಕೆಗಿಂತ ನೂರಕ್ಕೆ 22ರಷ್ಟು ಕಡಿಮೆಯಾಗಿ ಎಲ್ಲೆಡೆ ಬರದ ಮಾತೇ ನಡೆದಿತ್ತು. ಸೆಪ್ಟೆಂಬರಿನ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವು ಕೃಷ್ಣಾ, ತುಂಗಭದ್ರಾ ಕಣಿವೆಗಳ ಮೇಲೆ ಕೆಲವೇ ದಿನಗಳಲ್ಲಿ ಅಪಾರ ಮಳೆ ಸುರಿಸಿತು. ಮಂತ್ರಾಲಯವು ಜಲಾವೃತವಾಗಿ ಯಾತ್ರಿಕರು ಮಾಳಿಗೆಗಳನ್ನು ಏರಿ ಕುಳಿತರು. ಅಕ್ಟೋಬರ್ 2ರಂದು ತುಂಗಭದ್ರೆಯೂ ಹಂದ್ರಿಯೂ ಒಂದಾಗಿ ಕರ್ನೂಲು ನಗರವನ್ನು ಮುಳುಗಿಸಿದವು. ಶ್ರೀಶೈಲ ಜಲಾಶಯವನ್ನು ಕಟ್ಟಿದ್ದು ಸುಮಾರು 19 ಲಕ್ಷ ಕ್ಯೂಸೆಕ್ ಪ್ರವಾಹದ ಲೆಕ್ಕದಲ್ಲಿ; ಅಂದು ಹರಿದು ಬಂದದ್ದು ಸುಮಾರು 25 ಲಕ್ಷ ಕ್ಯೂಸೆಕ್. ಉತ್ತರ ಕರ್ನಾಟಕದಲ್ಲಿಯೇ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬರವೂ ನೆರೆಯೂ ಪರಸ್ಪರ ವಿರುದ್ಧವೆಂದು ನಾವು ತಿಳಿದಿದ್ದೆವು. ಒಂದೇ ವರ್ಷದಲ್ಲಿ, ಒಂದೇ ಹೊಲದ ಮೇಲೆ ಎರಡೂ ಬರಬಹುದೆಂದು ಆ ವರ್ಷ ತೋರಿಸಿತು.

ಇಂತಹ ಘಟನೆಗಳು ಹಿಂದೆಯೂ ಇದ್ದವು, ಇಂದೇನು ಹೊಸತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಹೊಸತೆಂದರೆ ಅವುಗಳ ಹಿಂದೆ ಸೇರಿಕೊಂಡಿರುವ ಶಾಖ. ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಡುವುದರಿಂದ ಗಾಳಿಗೆ ಸೇರುವ ಇಂಗಾಲದ ಡೈ ಆಕ್ಸೈಡು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಗಾಳಿಯು 1 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ 7ರಷ್ಟು ಹೆಚ್ಚುತ್ತದೆ. ಮಳೆ ಬಾರದಿದ್ದಾಗ ಅದೇ ಬಿಸಿಗಾಳಿ ನೆಲದ ತೇವವನ್ನು ಬೇಗನೆ ಹೀರುತ್ತದೆ. ಮಳೆ ಬಂದಾಗ ಒಮ್ಮೆಲೇ ಧಾರಾಕಾರವಾಗಿ ಸುರಿಸುತ್ತದೆ. ಕೇಂದ್ರ ಭೂವಿಜ್ಞಾನ ಮಂತ್ರಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆಯ ಮೊತ್ತ ನೂರಕ್ಕೆ 6ರಷ್ಟು ಇಳಿದಿದೆ. ಆದರೆ ಮಧ್ಯಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರುವ ಮಳೆಯ ಸಂದರ್ಭಗಳು 1950ರಿಂದೀಚೆಗೆ ನೂರಕ್ಕೆ 75ರಷ್ಟು ಏರಿವೆ. ಮಳೆ ಕಡಿಮೆ, ಅಬ್ಬರ ಹೆಚ್ಚು ಎಂಬುದು ಇದರ ತಾತ್ಪರ್ಯ.

ಈ ಎಲ್ಲದರ ಪರಿಣಾಮವನ್ನು ನಾವು ಶಾಲೆಯಲ್ಲಿ ಕುಳಿತು ಕಾಣುವುದು ‘ಗುಳೆ’ಯ ರೂಪದಲ್ಲಿ. ಹತ್ತಿ, ಶೇಂಗಾ ಕೈಗೆ ಬಾರದ ವರ್ಷ ಆದವಾನಿ, ಕೋಸಿಗಿ, ಮಂತ್ರಾಲಯ ಸೀಮೆಯ ಕುಟುಂಬಗಳು ಮನೆಗೆ ಬೀಗ ಹಾಕಿ ಗುಂಟೂರಿನ ಮೆಣಸಿನಕಾಯಿ ಹೊಲಗಳ ದಾರಿ ಹಿಡಿಯುತ್ತವೆ. ದೊಡ್ಡ ಮಕ್ಕಳು ಕಾಯಿ ಬಿಡಿಸುತ್ತಾರೆ, ಸಣ್ಣವರು ಇನ್ನೂ ಸಣ್ಣವರನ್ನು ನೋಡಿಕೊಳ್ಳುತ್ತಾರೆ. ತೆಲುಗು ಮಾಧ್ಯಮದ ಮಗುವಾದರೆ ಅಲ್ಲಿನ ಶಾಲೆಯಲ್ಲಿ ಹೇಗೋ ಕುಳಿತೀತು. ನಮ್ಮ ಮಗುವಿಗೆ ಆ ಅವಕಾಶವೂ ಇಲ್ಲ, ಏಕೆಂದರೆ ಅಲ್ಲಿ ಕನ್ನಡ ಓದಿಸುವವರಿಲ್ಲ. ಯುಗಾದಿಗೆ ಮರಳಿದಾಗ ಅದು ಓದುವುದನ್ನು ಮರೆತಿರುತ್ತದೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಅದು ಶಾಲೆಯ ಕಡೆಗೆ ತಲೆ ಹಾಕುವುದಿಲ್ಲ; ಹೆಣ್ಣುಮಗುವಾದರೆ ಮದುವೆಯ ಮಾತು ಆರಂಭವಾಗುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳು ಏಕೆ ಬರಿದಾಗುತ್ತಿವೆ ಎಂಬ ಚರ್ಚೆಯಲ್ಲಿ ಭಾಷಾನೀತಿಯ ಮಾತು ಬರುತ್ತದೆ, ಆಂಗ್ಲ ಮಾಧ್ಯಮದ ಮಾತು ಬರುತ್ತದೆ. ಅವು ನಿಜವೇ. ಆದರೆ ಮಳೆಯ ಮಾತೂ ಅಲ್ಲಿ ಬರಬೇಕು.

ಗುಳೆ ಹೋಗುವ ತಂದೆತಾಯಿಗಳನ್ನು ನಾವು ದೂಷಿಸುವುದಿಲ್ಲ. ಸಾಲ ತೀರಿಸಬೇಕಾದವರಿಗೆ ಬೇರೆ ದಾರಿಯಿರುವುದಿಲ್ಲ. ನಮ್ಮ ಪ್ರಾರ್ಥನೆ ಇಷ್ಟೇ: ಮಗುವನ್ನು ಅಜ್ಜಿ ತಾತಂದಿರ ಬಳಿ ಬಿಟ್ಟುಹೋಗಲು ಸಾಧ್ಯವಾದರೆ ಬಿಡಿ; ಹೊರಡುವ ಮೊದಲು ನಮಗೊಂದು ಮಾತು ತಿಳಿಸಿ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನಿಕ ವಸತಿನಿಲಯ ನಡೆಸಲು ಸಮಗ್ರ ಶಿಕ್ಷಾ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕಾದರೆ ಎಷ್ಟು ಮಕ್ಕಳಿದ್ದಾರೆಂಬ ಪಟ್ಟಿ ಸಕಾಲದಲ್ಲಿ ನಮ್ಮ ಕೈಯಲ್ಲಿರಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಬೇರೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣವೆಂದು ಹಲವರು ಉದಾರವಾಗಿ ಮುಂದೆ ಬಂದಿದ್ದೀರಿ. ಆ ಹಣದಲ್ಲಿ ಒಂದು ಭಾಗವನ್ನು ಬರದ ವರ್ಷಗಳಲ್ಲಿ ಇಲ್ಲಿಯೇ ಉಳಿಯುವ ಮಕ್ಕಳ ರಾತ್ರಿಯ ಊಟಕ್ಕೂ ಒಬ್ಬ ಕನ್ನಡ ಶಿಕ್ಷಕಿಯ ಸಂಬಳಕ್ಕೂ ತೆಗೆದಿರಿಸಬೇಕೆಂದು ಬೇಡುತ್ತೇವೆ.

ಮಕ್ಕಳಿಗೆ ಒಂದು ಮಾತು. ಗುಡುಗು ಕೇಳಿಸಿದೊಡನೆ ಹೊಲದಿಂದ ಹೊರಟು ಗಟ್ಟಿ ಕಟ್ಟಡದೊಳಗೆ ಸೇರಿಕೊಳ್ಳಿ. ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ. ಇದನ್ನು ಮನೆಯವರಿಗೂ ಹೇಳಿ. ಈ ಮುಂಗಾರಿನಿಂದ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನು ಇಡುತ್ತೇವೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಏಳನೆಯ ತರಗತಿಯವರು ಅದನ್ನು ಅಳೆದು, ಹಾಜರಿ ಪುಸ್ತಕದ ಪಕ್ಕದಲ್ಲಿಯೇ ಇರಿಸಿದ ಇನ್ನೊಂದು ಪುಸ್ತಕದಲ್ಲಿ ಬರೆಯಬೇಕು. ಮಳೆ ತಪ್ಪುತ್ತಿರುವುದು ಆಗಸ್ಟಿನಲ್ಲಿಯೇ ನಮಗೆ ಲೆಕ್ಕದಲ್ಲಿ ಕಂಡರೆ, ಗುಳೆಯ ಕಾಲ ಬರುವ ಮೊದಲೇ ವಸತಿಯ ಏರ್ಪಾಟು ಮಾಡಲು ಮೂರು ತಿಂಗಳು ದೊರೆಯುತ್ತವೆ. ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಆ ಮೂರು ತಿಂಗಳನ್ನು ಬಳಸಿಕೊಳ್ಳುವುದು ನಮ್ಮ ಕೈಯಲ್ಲಿದೆ.