ಹೆಸರಿಗಿಂತ ಮೊದಲು ಅನುಭವ: ಬೆಳಕಿನ ವಕ್ರೀಭವನದ ಪಾಠ



ಕೊಲ್ಹಾಪುರ ಜಿಲ್ಲೆಯ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವವರು. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಸಾಗುವಾಗ ಬಾಗುವುದನ್ನು ಕನ್ನಡದಲ್ಲಿ 'ವಕ್ರೀಭವನ' ಎನ್ನುತ್ತೇವೆ; ಮರಾಠಿ ಪಠ್ಯಪುಸ್ತಕ ಅದನ್ನೇ 'ಅಪವರ್ತನ' ಎನ್ನುತ್ತದೆ. ಕನ್ನಡ ಗಣಿತದಲ್ಲಾದರೋ 12ಕ್ಕೆ 3 ಅಪವರ್ತನ! ಹೀಗಿರುವಾಗ ಪದದಿಂದ ಪಾಠ ಆರಂಭಿಸಿದರೆ ಮಗು ಗೊಂದಲಕ್ಕೀಡಾಗುವುದು ಸಹಜ. ಮೊದಲು ಕಾಣಲಿ, ಅಳೆಯಲಿ. ಹೆಸರು ಅನಂತರ ಬರಲಿ.

ಬೋಗುಣಿಯ ತಳದಲ್ಲಿ ಒಂದು ನಾಣ್ಯವನ್ನಿಡಿರಿ. ಅದು ಅಂಚಿನ ಮರೆಗೆ ಸರಿಯುವವರೆಗೆ ಮಗು ಹಿಂದೆ ಸರಿದು ನಿಲ್ಲಲಿ. ಇನ್ನೊಬ್ಬರು ನಾಣ್ಯ ಅಲುಗದಂತೆ ಮೆಲ್ಲನೆ ನೀರು ಸುರಿಯಲಿ. ನಾಣ್ಯ ಮತ್ತೆ ಕಾಣುತ್ತದೆ. "ಅದು ಮೇಲಕ್ಕೆದ್ದಿತೇ?" ಎಂದು ಕೇಳಿರಿ, ಬೆರಳಿನಿಂದ ಮುಟ್ಟಿ ನೋಡಲು ಹೇಳಿರಿ. ನಾಣ್ಯ ತಳದಲ್ಲೇ ಇದೆ. ನೀರಿನಿಂದ ಗಾಳಿಗೆ ಹೊರಟ ಬೆಳಕು ಲಂಬದಿಂದ ದೂರಕ್ಕೆ ಬಾಗಿ ಕಣ್ಣನ್ನು ಸೇರಿದೆ.

ಈಗ ಗಾಳಿಯಿಂದ ನೀರಿಗೆ. ಗಾಜಿನ ಚೌಕ ತೊಟ್ಟಿಯ ನೀರಿಗೆ ನಾಲ್ಕೈದು ಹನಿ ಹಾಲು ಬೆರೆಸಿ, ಮೇಲೆ ಊದುಬತ್ತಿಯ ಹೊಗೆ ಹಿಡಿಯಿರಿ. ಕತ್ತಲು ಮಾಡಿದ ಕೋಣೆಯಲ್ಲಿ, ರಟ್ಟಿನ ಸೀಳಿನ ಮೂಲಕ ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಡಿರಿ. ಕಿರಣದ ದಾರಿಯನ್ನು ಗಾಜಿನ ಮೇಲೆ ಗುರುತಿಸಿ ಕೋನಮಾಪಕದಿಂದ ಅಳೆಯಿರಿ. ಲಂಬದೊಡನೆ 30 ಅಂಶದಲ್ಲಿ ಬಂದ ಕಿರಣ ನೀರಿನಲ್ಲಿ ಸುಮಾರು 22 ಅಂಶಕ್ಕೂ, 45 ಅಂಶದ್ದು ಸುಮಾರು 32ಕ್ಕೂ ಲಂಬದತ್ತ ಬಾಗುತ್ತದೆ. ನೇರವಾಗಿ ಬಿದ್ದ ಕಿರಣ ಬಾಗುವುದೇ ಇಲ್ಲ. ಒಂದೆರಡು ಅಂಶ ವ್ಯತ್ಯಾಸ ಬಂದರೆ ತಿದ್ದಿ ಬರೆಸಬೇಡಿರಿ; ಮತ್ತೊಮ್ಮೆ ಅಳೆಯಿಸಿರಿ. 60 ಅಂಶಕ್ಕೆ ಎಷ್ಟಾದೀತೆಂದು ಅಳೆಯುವ ಮೊದಲೇ ಊಹಿಸಿ ಬರೆಯಲಿ.

ಕಾರಣವನ್ನು ಆಮೇಲೆ ತಿಳಿಸಿರಿ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಇವೆರಡರ ಅನುಪಾತವೇ ನೀರಿನ ವಕ್ರೀಭವನಾಂಕ, 1.33. ಇಲ್ಲಿ 'ವಕ್ರೀಭವನ', 'ಅಪವರ್ತನ' ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಿರಿ.

ಈ ಪಾಠ ಪರೀಕ್ಷೆಗಷ್ಟೇ ಮೀಸಲಲ್ಲ. ಇಚಲಕರಂಜಿಯ ಮಕ್ಕಳಿಗೆ ಪಂಚಗಂಗೆ, ಗಡಹಿಂಗ್ಲಜದವರಿಗೆ ಹಿರಣ್ಯಕೇಶಿ ಸಮೀಪದ ನದಿಗಳು. ನೇರ ಮೇಲಿನಿಂದ ನೋಡಿದಾಗ ನಾಲ್ಕು ಅಡಿ ತಿಳಿನೀರು ಮೂರೇ ಅಡಿಯೆಂದು ತೋರುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಈಜು ಬಾರದ ಮಗುವಿನ ಪ್ರಾಣಕ್ಕೆ ಆ ಒಂದು ಅಡಿಯೇ ಸಂಚಕಾರವಾಗಬಹುದು. ಕಣ್ಣಳತೆಯನ್ನು ನಂಬಿ ನೀರಿಗಿಳಿಯಬಾರದೆಂಬ ವಿವೇಕವನ್ನು ಬೋಗುಣಿಯ ನಾಣ್ಯದಿಂದಲೇ ಅವರಿಗೆ ಮನಗಾಣಿಸೋಣ.